ಜಾನಪದ ಲೋಕಕ್ಕೆ ಮನೆಮಂದಿಯೆಲ್ಲ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಅಥವಾ ದಸರಾ ರಜೆ ಬಂತೆಂದರೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ರಾಮನಗರದ ಜಾನಪದ ಲೋಕವೆಂಬ ವಸ್ತುಸಂಗ್ರಹಾಲಯಕ್ಕೆ ನಾವು ಐದಾರು ಸಲ ಹೋಗಿ ಬಂದವರು ಎಂಬುದು ನೆಂಟರಿಷ್ಟರಿಗೆ, ಮಕ್ಕಳ ಶಾಲೆಯ ತಾಯಂದಿರಿಗೆ, ಮೇಲಿನ ಮಹಡಿಯವರಿಗೆ ಹೇಗೋ ಗೊತ್ತಾಗಿಬಿಟ್ಟಿದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಒಮ್ಮೆ ಬರೆದಿಟ್ಟರೆ ನನ್ನ ಗಂಟಲಿಗೂ ಬಿಡುವು ಸಿಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಅಲ್ಲಿನ ಸಿಬ್ಬಂದಿಯಲ್ಲ, ಮಾರ್ಗದರ್ಶಿಯೂ ಅಲ್ಲ. ಅತ್ತೆ, ಗಂಡ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದವಳು, ಅಷ್ಟೇ. ನಾವು ಮಂಡ್ಯದ ಕಡೆಯವರಾದ್ದರಿಂದ ಮಾತು ಆಗಾಗ ರಾಗಿಯ ಕಡೆಗೆ ವಾಲಿದರೆ ಕ್ಷಮಿಸಿ.

ಅಲ್ಲಿ ನೋಡುವುದಕ್ಕೆ ಇರುವುದಾದರೂ ಏನು?

ಹಳ್ಳಿಯ ಮನೆಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಬಳಕೆಯಲ್ಲಿದ್ದ ಸಾವಿರಾರು ವಸ್ತುಗಳಿವೆ. ಸುಮಾರು 15 ಎಕರೆ ಜಾಗದಲ್ಲಿ ಬೇರೆ ಬೇರೆ ಕಟ್ಟಡಗಳು, ನಡುವೆ ಮರಗಳು. ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನು, ಕಾಳು ತುಂಬಿಡುವ ಆಳೆತ್ತರದ ವಾಡೆಗಳು, ಬೀಸುವ ಕಲ್ಲು, ಒರಳು, ಮೊರ, ಜರಡಿ. ಲೋಕಮಹಲಿನಲ್ಲಿ ತೊಗಲು ಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಕುಣಿತದ ಮುಖವಾಡ, ವಾದ್ಯಗಳು, ಬೇಸಾಯದ ಉಪಕರಣಗಳು. ಚಿತ್ರಕುಟೀರದಲ್ಲಿ ಜನಪದ ಕಲಾವಿದರ ಮತ್ತು ಕುಣಿತಗಳ ಛಾಯಾಚಿತ್ರಗಳು. ಹೊರಗೆ ಶಿಲ್ಪಮಾಳ, ಆಯಗಾರರ ಮಾಳ, ಬಯಲು ರಂಗಮಂದಿರ.

ಅರಮನೆ ನೋಡಿದಂತೆ ಬಾಯಿ ಬಿಟ್ಟುಕೊಂಡು ನೋಡುವಂಥದ್ದು ಇಲ್ಲಿ ಕಡಿಮೆ. ಚಿನ್ನವಿಲ್ಲ, ಸಿಂಹಾಸನವಿಲ್ಲ. ಇರುವುದೆಲ್ಲ ಮರ, ಮಣ್ಣು, ಕಲ್ಲು, ಬಿದಿರು, ತೊಗಲು. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಹೇಳಿಬಿಡಿ.

ಇದನ್ನು ಕಟ್ಟಿಸಿದವರು ಯಾರು? ಸರ್ಕಾರವೇ?

ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು, ಐಎಎಸ್ ಅಧಿಕಾರಿಯಾಗಿದ್ದವರು. ಕಡತಗಳ ನಡುವೆ ಕುಳಿತೂ ಮನಸ್ಸು ಹಳ್ಳಿಯ ಹಾಡಿನ ಮೇಲೆಯೇ ಇದ್ದವರು. ಊರೂರು ತಿರುಗಿ ಹಾಡುವವರ ಮುಂದೆ ಧ್ವನಿಮುದ್ರಣ ಯಂತ್ರ ಇಟ್ಟು ಕೂರುತ್ತಿದ್ದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಆ ಪರಿಷತ್ತಿನ ಕೂಸೇ ಜಾನಪದ ಲೋಕ. ಉದ್ಘಾಟನೆಯಾದದ್ದು 1994ರ ಮಾರ್ಚ್ 12ರಂದು. ಮರುವರ್ಷ ಮುಧೋಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2005ರಲ್ಲಿ ತೀರಿಕೊಂಡರು.

ಅಧಿಕಾರಿಗಳು ನಿವೃತ್ತರಾದ ಮೇಲೆ ಮನೆ ಕಟ್ಟಿಸುವುದನ್ನು ನೋಡಿದ್ದೇವೆ. ಇವರು ಊರವರು ಮನೆಯಿಂದ ಹೊರಗೆಸೆದ ಸಾಮಾನಿಗೆ ಮನೆ ಕಟ್ಟಿಸಿದರು.

ಬೆಂಗಳೂರಿನಿಂದ ಹೋಗುವುದು ಹೇಗೆ? ಎಕ್ಸ್‌ಪ್ರೆಸ್‌ವೇ ಹಿಡಿಯಬಹುದೇ?

ಹಿಡಿಯಬಹುದು, ಆದರೆ ಎಚ್ಚರ. ಜಾನಪದ ಲೋಕ ಇರುವುದು ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲಿ, ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ. 2023ರಲ್ಲಿ ಬಂದ ಹೊಸ ಹೆದ್ದಾರಿ ಈ ಎರಡೂ ಊರುಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಅದರ ಬೈಪಾಸ್ ಹತ್ತಿದಿರೋ, ಜಾನಪದ ಲೋಕ ಕಣ್ಣಿಗೂ ಬೀಳುವುದಿಲ್ಲ. ರಾಮನಗರದ ಊರೊಳಗೆ ಹೋಗುವ ಹಳೆಯ ದಾರಿಯನ್ನೇ ಹಿಡಿಯಿರಿ.

ನಮ್ಮವರು ಮೊದಲ ಸಲ ಹೊಸ ರಸ್ತೆಯ ಖುಷಿಯಲ್ಲಿ ಗಾಡಿ ಓಡಿಸಿಕೊಂಡು ಹೋಗಿ ಮದ್ದೂರಿನ ಹತ್ತಿರ ನಿಲ್ಲಿಸಿದರು. ವಡೆ ತಿಂದೆವು, ವಾಪಸ್ಸು ಬಂದೆವು. ಅಲ್ಲಿಗೆ ಬೆಳಗಿನ ಎರಡು ಗಂಟೆ ಹೋಯಿತು.

ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಸ್ಕೂಟರಿನಲ್ಲಿ ಬರುವವರು ಮೊದಲಿನಿಂದಲೇ ಸರ್ವೀಸ್ ರಸ್ತೆ, ಹಳೆಯ ರಸ್ತೆ ಎಂದು ಲೆಕ್ಕ ಹಾಕಿಕೊಳ್ಳಿ. ಬಸ್ಸಿನಲ್ಲಾದರೆ ಊರೊಳಗೆ ನಿಲ್ಲಿಸಿಕೊಂಡು ಹೋಗುವ ಬಸ್ಸನ್ನೇ ಕೇಳಿ ಹತ್ತಿ, ಮೈಸೂರಿಗೆ ನೇರವಾಗಿ ಹೋಗುವುದು ಬೇಡ. ರೈಲಿಗೆ ರಾಮನಗರ ನಿಲ್ದಾಣವಿದೆ, ಅಲ್ಲಿಂದ ಆಟೊ. ಮಕ್ಕಳಿದ್ದರೆ ನನ್ನ ಓಟು ರೈಲಿಗೆ. ಬಿಡದಿ ದಾಟಿದ ಮೇಲೆ ಕಿಟಕಿಯಲ್ಲಿ ಬಂಡೆಗುಡ್ಡಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಭೂವಿಜ್ಞಾನಿಗಳು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ರಾಮನಗರದ ಬ್ರಿಟಿಷರ ಕಾಲದ ಹೆಸರು ಕ್ಲೋಸ್‌ಪೇಟೆ. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಮುಂದೆ ಬೀಸುವ ಕಲ್ಲು ಹಳೆಯದು ಎನ್ನುವ ಮಾತೇ ಸ್ವಲ್ಪ ತಮಾಷೆಯಾಗಿ ಕೇಳುತ್ತದೆ.

ಯಾವ ದಿನ ರಜೆ? ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು?

ಮಂಗಳವಾರ ರಜೆ. ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ. ಮಂಗಳವಾರ ಹೋಗಿ ಮುಚ್ಚಿದ ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡು ಬಂದ ಕುಟುಂಬ ಒಂದಿದೆ, ಹೆಸರು ಹೇಳುವುದಿಲ್ಲ, ನನ್ನ ತಮ್ಮನದೇ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಶಾಲಾ ಬಸ್ಸುಗಳು ಬಂದರೆ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಯುವುದೇ ಶಿಕ್ಷೆ. ಶ್ರಾವಣದಿಂದ ಮಾಘದವರೆಗೆ ಹಿತ.

ಎಷ್ಟು ಹೊತ್ತು ಬೇಕು?

ಓಡಿಕೊಂಡು ನೋಡಿದರೆ ಒಂದು ಗಂಟೆ, ನಿಂತು ನೋಡಿದರೆ ನಾಲ್ಕು. ಊಟ ಸೇರಿ ಒಂದು ದಿನವೆಂದು ಹೊರಟರೆ ಯಾರ ಮುಖವೂ ಸಣ್ಣಗಾಗುವುದಿಲ್ಲ. ಮೊದಲು ಲೋಕಮಾತಾ ಮಂದಿರ ನೋಡಿ. ಗೊಂಬೆ, ಮುಖವಾಡಗಳನ್ನು ಮೊದಲೇ ನೋಡಿಬಿಟ್ಟರೆ ಆಮೇಲೆ ಮಕ್ಕಳಿಗೆ ಒನಕೆ ಸಪ್ಪೆ ಎನಿಸುತ್ತದೆ. ಹಬ್ಬದೂಟದಲ್ಲಿ ಒಬ್ಬಟ್ಟು ತಿಂದ ಮೇಲೆ ಪಲ್ಯ ಬಡಿಸಿದ ಹಾಗೆ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ? ಎಲ್ಲವೂ ಹಳೆಯ ಸಾಮಾನು ತಾನೇ?

ಆಗುತ್ತದೆ. ಮೊದಲ ಸಲ ನನ್ನ ಮಗ ಅರ್ಧ ಗಂಟೆಯಲ್ಲಿ ಮೊಬೈಲ್ ಕೇಳಿದ. ಎರಡನೆಯ ಸಲ ನಾವು ಒಂದು ಆಟ ಕಟ್ಟಿದೆವು: ಪ್ರತಿ ವಸ್ತುವಿನಲ್ಲಿ ಸವೆದ ಜಾಗ ಹುಡುಕುವುದು.

ಒನಕೆಯನ್ನು ನೋಡಿ. ನಡು ಭಾಗ ಸಣ್ಣಗಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕೈ ಹಿಡಿದದ್ದು ಅಲ್ಲಿ. ನೇಗಿಲಿನ ಮೇಣಿಯ ತುದಿಯಲ್ಲಿ ಒಂದೇ ಅಂಗೈಗೆ ಸರಿಹೊಂದುವ ತಗ್ಗಿರುತ್ತದೆ. ನೊಗದಲ್ಲಿ ಎತ್ತಿನ ಹೆಗಲು ಉಜ್ಜಿದ ಎರಡು ನುಣುಪಾದ ಜಾಗಗಳು. ಕಡೆಗೋಲಿನ ಮೇಲೆ ಹಗ್ಗ ಹೋಗಿ ಬಂದು ಕೊರೆದ ಗೀರು. ಫಲಕದಲ್ಲಿ ಬರೆದದ್ದು ವಸ್ತುವಿನ ಹೆಸರು ಮಾತ್ರ. ಅದನ್ನು ಹಿಡಿದವರು ಎಷ್ಟು ವರ್ಷ ಹಿಡಿದರು, ಎಲ್ಲಿ ಹಿಡಿದರು ಎಂಬುದನ್ನು ಈ ಸವೆತವೇ ಹೇಳಬೇಕು. ಮಗಳು ಆ ದಿನ ಹನ್ನೊಂದು ಹುಡುಕಿದಳು, ಮಗ ಒಂಬತ್ತು. ಇಬ್ಬರೂ ಎಣಿಕೆಯಲ್ಲಿ ಮೋಸವಾಗಿದೆ ಎಂದು ಕಾರಿನಲ್ಲಿ ಜಗಳವಾಡಿದರು. ಬೇಸರವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೂರಿಗೆಯನ್ನೂ ಬಿಡಬೇಡಿ. ಮೇಲೆ ಒಂದು ಮರದ ಬಟ್ಟಲು, ಅದರ ತಳದ ತೂತುಗಳಿಂದ ಬಿದಿರಿನ ಕೊಳವೆಗಳು ಇಳಿದು ಒಂದೊಂದು ಹಲ್ಲಿನ ಹಿಂದೆ ನೆಲ ಸೇರುತ್ತವೆ. ಎತ್ತು ಎಳೆಯುತ್ತಿರುವಾಗ ಒಬ್ಬರು ಬಟ್ಟಲಿಗೆ ಬೀಜವನ್ನು ಒಂದೇ ಸಮನೆ ಬಿಡುತ್ತಾ ನಡೆಯಬೇಕು. ಕೈ ತಡವಾದರೆ ಸಾಲು ಬೋಳು, ಜೋರಾದರೆ ಪೈರು ಒತ್ತು. ಆ ಕೈಯ ಹದ ಮಾತ್ರ ಯಾವ ಗಾಜಿನ ಪೆಟ್ಟಿಗೆಗೂ ಸಿಕ್ಕಿಲ್ಲ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?

ಕರೆದುಕೊಂಡೇ ಹೋಗಿ. ನಡಿಗೆ ಇದೆ, ಲೋಕಮಹಲಿಗೆ ಮೆಟ್ಟಿಲು ಇವೆ, ನಿಧಾನ ಮಾಡಿದರಾಯಿತು. ಕಷ್ಟವೆನಿಸಿದರೆ ಅವರನ್ನು ಮರದ ಕೆಳಗೆ ಕೂರಿಸಿ, ಮಕ್ಕಳು ಮೇಲೆ ಹೋಗಿ ನೋಡಿ ಬಂದು ವರದಿ ಒಪ್ಪಿಸಲಿ.

ಆದರೆ ಅವರು ಹಳೆಯ ಸಾಮಾನು ನೋಡಿ ಕಣ್ಣು ತುಂಬಿಕೊಳ್ಳುತ್ತಾರೆ, ಮೊಮ್ಮಕ್ಕಳಿಗೆ ಕಥೆ ಹೇಳುತ್ತಾರೆ ಎಂದು ಮೊದಲೇ ಕನಸು ಕಟ್ಟಿಕೊಳ್ಳಬೇಡಿ. ನಾನು ಕಟ್ಟಿಕೊಂಡಿದ್ದೆ. ಬೀಸುವ ಕಲ್ಲಿನ ಮುಂದೆ ಅತ್ತೆಯನ್ನು ನಿಲ್ಲಿಸಿ, "ಅತ್ತೆ, ಮಕ್ಕಳಿಗೆ ಹೇಳಿ" ಎಂದೆ. ಅವರು ಕಲ್ಲನ್ನು ಒಂದು ಗಳಿಗೆ ನೋಡಿದರು. "ಇದನ್ನು ನೋಡುವುದಕ್ಕೆ ದುಡ್ಡು ಕೊಟ್ಟು ಬಂದೆಯಾ? ಇದರಿಂದ ಬಿಡಿಸಿಕೊಳ್ಳಬೇಕೆಂದೇ ಅಲ್ಲವೇ ಮಕ್ಕಳನ್ನು ಓದಿಸಿದ್ದು" ಎಂದು ಮುಂದೆ ನಡೆದುಬಿಟ್ಟರು.

ಹಾಗಾದರೆ ಬೀಸುವ ಕಲ್ಲಿನ ಬಗ್ಗೆ ಮಕ್ಕಳಿಗೆ ಏನು ಹೇಳುವುದು?

ಅತ್ತೆ ಮಾತಾಡಿದ್ದು ಆಮೇಲೆ, ಊಟದ ಹೊತ್ತಿನಲ್ಲಿ, ಯಾರೂ ಕೇಳದೆ. ಅದನ್ನೇ ಇಲ್ಲಿ ಇಡುತ್ತೇನೆ.

ಕೆಳಗಿನ ಕಲ್ಲು ಅಲುಗುವಂತಿಲ್ಲ. ಮೇಲಿನದು ಅದರ ನಡುವಿನ ಗೂಟದ ಮೇಲೆ ತಿರುಗುತ್ತದೆ. ಬಾಯಿಗೆ ಎಡಗೈಯಿಂದ ಒಂದೊಂದು ಹಿಡಿ ರಾಗಿ ಹಾಕುತ್ತಾ ಬಲಗೈಯಿಂದ ಕಲ್ಲಿನ ಹಿಡಿಕೆಯನ್ನು ತಿರುಗಿಸಬೇಕು. ಹಿಟ್ಟು ಸುತ್ತಲೂ ಅಂಚಿನಿಂದ ಉದುರುತ್ತದೆ. ಹೆಚ್ಚು ಹಾಕಿದರೆ ಹಿಟ್ಟು ದಪ್ಪ, ಮುದ್ದೆಯಲ್ಲಿ ಗಂಟು. ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ತಾಗಿ ಮರಳು ಸೇರುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ಕೂರಬೇಕು. ಹಿಂದಿನ ದಿನವೇ ಬೀಸಿಟ್ಟರಾಗದೇ ಎಂದು ಮಗಳು ಕೇಳಿದಳು. "ಹಿಂದಿನ ದಿನ ಸಂಜೆಯವರೆಗೆ ಕಳೆ ಕೀಳುತ್ತಿದ್ದೆವಲ್ಲ" ಎಂದರು ಅತ್ತೆ.

ಕಲ್ಲು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಊರಿಗೆ ಬರುವ ಕಲ್ಲುಕುಟಿಗರ ಕೈಯಲ್ಲಿ ಮತ್ತೆ ಉಳಿಯಿಂದ ಕಚ್ಚು ಹೊಡೆಸಬೇಕು. ಗ್ರಾನೈಟನ್ನು ರಾಗಿ ಸವೆಸುತ್ತದೆ ಎಂಬುದು ನನ್ನ ಮಗನಿಗೆ ಆ ದಿನದ ದೊಡ್ಡ ಸುದ್ದಿ. ರಟ್ಟೆಯೂ ಸವೆಯುತ್ತದೆ ಎಂದು ಅತ್ತೆ ಬಲ ಭುಜವನ್ನು ತೋರಿಸಿದರು.

ಬೀಸುವ ಪದಗಳು ಹುಟ್ಟಿದ್ದು ಈ ಕೆಲಸದಲ್ಲೇ. ನಿದ್ದೆ ತೂಗದಿರಲಿ, ಕೈ ಲಯ ತಪ್ಪದಿರಲಿ ಎಂದು ಹಾಡು. ಜೊತೆಗೆ ತಮ್ಮ ಅತ್ತೆಯ ಮೇಲೆ, ತವರಿನ ಮೇಲೆ ನೇರವಾಗಿ ಆಡಲಾಗದ ಮಾತನ್ನೆಲ್ಲ ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿಬಿಡಬಹುದಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಹಾಡು ನಿಂತಿತು. ಬೇಸರವೇ ಎಂದು ಕೇಳಿದೆ. ಹಾಡು ಬೇಕಾದರೆ ಈಗಲೂ ಹಾಡುತ್ತೇನೆ, ಕಲ್ಲು ಮಾತ್ರ ಬೇಡ ಎಂದರು.

ವಾಡೆಗಳು ಅಷ್ಟು ದೊಡ್ಡವಾಗಿ ಏಕಿವೆ?

ವರ್ಷದ ದವಸ ಮನೆಯಲ್ಲೇ ಇರಬೇಕಿತ್ತು, ಅದಕ್ಕೆ. ವಾಡೆಯಲ್ಲಿ ಹಿಡಿಯದಷ್ಟು ರಾಗಿ ಬೆಳೆದವರು ನೆಲದೊಳಗೆ ಹಗೇವು ತೋಡಿ ತುಂಬುತ್ತಿದ್ದರು. ಗಾಳಿಯಾಡದಂತೆ ಬಾಯಿ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲದಲ್ಲಿ ಊರನ್ನು ಉಳಿಸುತ್ತಿದ್ದುದು ಈ ಗುಂಡಿಗಳೇ. ತೆರೆದ ಕೂಡಲೇ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತಿತ್ತು. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುವುದು. ದೀಪ ಆರಿದರೆ ಇನ್ನೂ ಕಾಯುವುದು. ಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಪಾಠ ಮಾಡುವವರು ಈ ಉದಾಹರಣೆಯನ್ನು ಏಕೆ ಬಿಟ್ಟಿದ್ದಾರೋ.

ಸೇರು, ಪಾವು, ಕೊಳಗ ಎಂದರೆ ಎಷ್ಟೆಷ್ಟು? ಮಗು ಕೇಳಿದರೆ ತಬ್ಬಿಬ್ಬಾಗುತ್ತೇವೆ.

ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು, ಇಪ್ಪತ್ತು ಕೊಳಗ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಮಾತ್ರ ಯಾವ ಊರು ಎಂದು ತಿರುಗಿ ಕೇಳಬೇಕು. ಸೀಮೆ ಬದಲಾದಂತೆ ಅಳತೆ ಬದಲಾಗುತ್ತಿತ್ತು. ಇವು ತೂಕವಲ್ಲ, ಪಾತ್ರೆಯ ಅಳತೆ ಎಂಬುದನ್ನೂ ಹೇಳಿ. ಖಂಡುಗ ಎಂಬುದು ಹೊಲದ ಅಳತೆಯೂ ಹೌದು: ಅಷ್ಟು ಬೀಜ ಬಿತ್ತುವಷ್ಟು ಭೂಮಿ. ಮೆಟ್ರಿಕ್ ಪದ್ಧತಿ ದೇಶದಲ್ಲಿ 1958ರಿಂದ ಹಂತ ಹಂತವಾಗಿ ಬಂತು. ಹಳ್ಳಿಯ ಅಡುಗೆಮನೆಗೆ ಅದು ಇನ್ನೂ ಪೂರ್ತಿಯಾಗಿ ಬಂದಿಲ್ಲ ಎಂಬುದು ನನ್ನ ಅನುಮಾನ.

ಸೇರಿನ ತಲೆ ಸವರಿ ಅಳೆದರೆ ಒಂದು ಲೆಕ್ಕ, ರಾಶಿ ಏರಿಸಿ ಅಳೆದರೆ ಇನ್ನೊಂದು. ಸಾಲ ಕೊಡುವಾಗ ಸವರಿ ಕೊಟ್ಟು, ವಾಪಸ್ಸು ಪಡೆಯುವಾಗ ಏರಿಸಿ ಪಡೆದವರೂ ಇದ್ದರು.

ಆಯಗಾರರ ಮಾಳ ಎಂದರೇನು?

ಹಳ್ಳಿಯ ಕೆಲಸಗಾರರ ಲೋಕ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಹೀಗೆ ಹನ್ನೆರಡು ಆಯಗಾರರು ಎಂಬ ಲೆಕ್ಕ. ಪಟ್ಟಿ ಮಾತ್ರ ಊರಿಂದೂರಿಗೆ ಸ್ವಲ್ಪ ಹೆಚ್ಚುಕಡಿಮೆ. ಇವರಿಗೆ ತಿಂಗಳ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲು ಪಡೆಯುವುದು, ಅದೇ ಆಯ. ಕೆಲವರಿಗೆ ಇನಾಮು ಭೂಮಿಯೂ ಇರುತ್ತಿತ್ತು. ನೀರಗಂಟಿಯ ಕೆಲಸ ಮಕ್ಕಳಿಗೆ ತುಂಬಾ ಹಿಡಿಸುತ್ತದೆ: ಕೆರೆಯ ತೂಬು ಎತ್ತುವವನು ಅವನೊಬ್ಬನೇ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನಿರ್ಧರಿಸುವವನೂ ಅವನೇ.

ಇದೆಲ್ಲ ಹಳ್ಳಿ ಬದುಕಿಗೆ ಬಣ್ಣ ಹಚ್ಚಿ ತೋರಿಸಿದಂತೆ ಆಗುವುದಿಲ್ಲವೇ?

ಈ ಪ್ರಶ್ನೆಯನ್ನು ಕೇಳಿದವರು ಒಬ್ಬರೇ, ಆದರೂ ಪದೇ ಪದೇ ಕೇಳಬೇಕಾದ ಪ್ರಶ್ನೆಯೆಂದು ಸೇರಿಸಿದ್ದೇನೆ. ಆಗುವ ಅಪಾಯವಿದೆ. ಹೊಳಪು ಕೊಟ್ಟ ಮರ, ಹದವಾದ ಬೆಳಕು, ಸುತ್ತ ಹಸಿರು ಇದ್ದರೆ ಯಾವ ಕಷ್ಟವೂ ಚೆಂದ ಕಾಣುತ್ತದೆ. ಆಯಗಾರ ಪದ್ಧತಿಯನ್ನು 'ಎಲ್ಲರೂ ಕೂಡಿ ಬಾಳುತ್ತಿದ್ದ ಕಾಲ' ಎಂದು ಮಕ್ಕಳಿಗೆ ಹೇಳಿ ಮುಗಿಸುವುದು ಸುಲಭ. ಕಣದಲ್ಲಿ ಯಾರು ಮೊದಲು ಪಾಲು ಪಡೆದರು, ಯಾರು ದೂರದಲ್ಲಿ ನಿಂತು ಸೆರಗೊಡ್ಡಿದರು, ತೋಟಿಯ ಮಗ ತೋಟಿಯೇ ಏಕಾಗಬೇಕಿತ್ತು ಎಂಬುದನ್ನೂ ಹೇಳಬೇಕು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾನೂನು 1961ರದು, ಜಾರಿಗೆ ಬಂದದ್ದು 1963ರಲ್ಲಿ. ಅಂದರೆ ಅತ್ತೆ ಹುಡುಗಿಯಾಗಿದ್ದಾಗ ಅದಿನ್ನೂ ನಡೆಯುತ್ತಿತ್ತು.

ನನ್ನ ಮಗ ಕ್ಷೌರಿಕನ ಪೆಟ್ಟಿಗೆ ನೋಡಿ "ಅವರಿಗೂ ರಾಗಿಯಲ್ಲೇ ಸಂಬಳವಾ? ಅವರಿಗೆ ದುಡ್ಡು ಬೇಕಾದರೆ?" ಎಂದ. ಹತ್ತಿರ ನಿಂತಿದ್ದ ಅಪರಿಚಿತ ಹಿರಿಯರೊಬ್ಬರು "ಅದಕ್ಕೇ ಮಗು, ನಮ್ಮಪ್ಪ ಬೆಂಗಳೂರಿಗೆ ಬಂದದ್ದು" ಎಂದರು.

ತೊಗಲು ಗೊಂಬೆಗಳನ್ನು ನೋಡುವಾಗ ಏನನ್ನು ಗಮನಿಸಬೇಕು?

ಬೆಳಕಿಗೆ ಎದುರಾಗಿ ನೋಡಿ. ತೊಗಲನ್ನು ಹದ ಮಾಡಿ ಬೆಳಕು ತೂರುವಷ್ಟು ತೆಳ್ಳಗೆ ಮಾಡಿರುತ್ತಾರೆ. ಪರದೆಯ ಹಿಂದೆ ದೀಪವಿದ್ದರೆ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಮೂಡುತ್ತದೆ. ಕಪ್ಪು ನೆರಳು ಎಂದುಕೊಂಡು ಹೋದವರಿಗೆ ಅಚ್ಚರಿ. ಒಡವೆ, ಸೀರೆಯ ಅಂಚು ಎಲ್ಲ ಉಳಿಯಿಂದ ಕೊರೆದ ಸಣ್ಣ ತೂತುಗಳು.

ಇನ್ನೊಂದು ಸಂಗತಿ. ರಾಜರು, ದೇವರು ದೊಡ್ಡ ಗೊಂಬೆ. ಸೇವಕರು, ಸಾಮಾನ್ಯ ಜನ ಚಿಕ್ಕ ಗೊಂಬೆ. ಗಾತ್ರದಲ್ಲೇ ಅಂತಸ್ತು. ಆದರೆ ಜನರನ್ನು ನಗಿಸುವವನು, ಅರಸನ ಮುಖಕ್ಕೇ ಮಾತು ಎಸೆಯುವವನು ಹಾಸ್ಯದ ಕಿಳ್ಳೇಕ್ಯಾತ. ಅವನ ಜೊತೆಗೆ ಬಂಗಾರಕ್ಕ. ರಾತ್ರಿಯಿಡೀ ಆಟ ನೋಡಿದವರು ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಇವರಿಬ್ಬರನ್ನೇ.

ವಾದ್ಯಗಳ ಬಳಿ ಕಂಸಾಳೆ ಹುಡುಕಿ. ಮಾದೇಶ್ವರನ ಗುಡ್ಡರ, ಅಂದರೆ ದೀಕ್ಷೆ ಪಡೆದ ಭಕ್ತರ, ಕೈಯಲ್ಲಿ ಅದು ತಾಳವೂ ಹೌದು, ಕಸರತ್ತೂ ಹೌದು.

ವಸ್ತುಗಳನ್ನು ಮುಟ್ಟಬಹುದೇ? ಫೋಟೊ ತೆಗೆಯಬಹುದೇ?

ಮುಟ್ಟಬೇಡಿ. ಕಲ್ಲಿಗೆ ಏನೂ ಆಗುವುದಿಲ್ಲ ಎನ್ನುತ್ತೀರಿ, ಮುಂದಿನ ಕೈ ತೊಗಲಿನ ಮೇಲಿರುತ್ತದೆ. ಫೋಟೊ ವಿಷಯದಲ್ಲಿ ಹೊರಗೆ ಅಡ್ಡಿಯಿಲ್ಲ, ಒಳಗೆ ಸಿಬ್ಬಂದಿಯನ್ನು ಒಂದು ಮಾತು ಕೇಳಿ.

ಊಟಕ್ಕೆ ಏನು ವ್ಯವಸ್ಥೆ?

ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ. ಜೋಳದ ರೊಟ್ಟಿಯ ಊಟಕ್ಕೇ ಅಲ್ಲಿಗೆ ಬಂದು ಜಾನಪದ ಲೋಕದ ಕಡೆ ತಲೆ ಹಾಕದೆ ಹೋಗುವವರು ಬಹಳ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರ. ರಜಾದಿನ ಒಂದು ಗಂಟೆಯ ಮೇಲೆ ಜನ ಜಾಸ್ತಿ, ಹನ್ನೆರಡೂವರೆಗೇ ಹೋಗಿ ಕುಳಿತುಬಿಡಿ. ನಾವು ಎರಡು ಸಲ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಎಲ್ಲಿ ಕೂತು ತಿನ್ನಬಹುದು ಎಂದು ಬಾಗಿಲಲ್ಲೇ ಕೇಳಿಕೊಂಡರೆ ಒಳ್ಳೆಯದು. ತಿಂದ ಎಲೆಯನ್ನು ತಿರುಗಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಹೇಳಬೇಕಾಗಿ ಬಂದಿರುವುದೇ ನಾಚಿಕೆ.

ಕುಣಿತ, ಹಾಡು ನೋಡಲು ಯಾವಾಗ ಹೋಗಬೇಕು?

ವರ್ಷಕ್ಕೊಮ್ಮೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಲೋಕೋತ್ಸವ, ಆಷಾಢದ ಗಾಳಿಗೆ ಗಾಳಿಪಟದ ಉತ್ಸವ ನಡೆದುಬಂದಿವೆ. ದಿನಾಂಕ ಪ್ರತಿ ವರ್ಷ ಬೇರೆಯಾದ್ದರಿಂದ ಪತ್ರಿಕೆಯ ಮೇಲೆ ಕಣ್ಣಿಡಿ. ಉತ್ಸವದ ದಿನ ತಮಟೆ, ಡೊಳ್ಳು, ಪೂಜಾ ಕುಣಿತ ನೋಡುವುದಕ್ಕೆ ಹೋಗಿ, ವಸ್ತು ನೋಡುವುದಕ್ಕೆ ಬೇಡ. ಎರಡೂ ಒಂದೇ ದಿನ ಆಗುವುದಿಲ್ಲ. ತಮಟೆಯ ಮುಂದೆ ಪುಟ್ಟ ಮಗುವನ್ನು ನಿಲ್ಲಿಸುವವರು ಕಿವಿಗೆ ಹತ್ತಿ ಇಡಿ.

ಅದೇ ದಿನ ಹತ್ತಿರದಲ್ಲಿ ಇನ್ನೇನು ನೋಡಬಹುದು?

ಚನ್ನಪಟ್ಟಣಕ್ಕೆ ಹೋಗಿ. ಅಂಗಡಿಗಷ್ಟೇ ಹೋಗಬೇಡಿ, ಗೊಂಬೆ ಮಾಡುವವರ ಬಳಿ ಕೇಳಿ ಹತ್ತು ನಿಮಿಷ ನಿಲ್ಲಿ. ಆಲೆ ಮರದ ತುಂಡು ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಸುರುಳಿ ಸುರುಳಿ ಹೊಟ್ಟು ಹಾರಿ, ನೋಡನೋಡುತ್ತ ಒಂದು ಬುಗುರಿಯ ಹೊಟ್ಟೆ ಮೂಡುತ್ತದೆ. ಬಣ್ಣಕ್ಕೆ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಂದು ಒಣಗಿದ ತಾಳೆಗರಿಯ ತುಂಡು ಮಡಚಿ ಒತ್ತಿದರೆ ಕನ್ನಡಿಯಂತೆ ಹೊಳಪು. ಜಾನಪದ ಲೋಕದಲ್ಲಿ ನಿಂತುಹೋದ ಕೈಗಳನ್ನು ನೋಡಿ ಬಂದ ಮೇಲೆ ಇಲ್ಲಿ ನಡೆಯುತ್ತಿರುವ ಕೈಯನ್ನು ನೋಡಿದರೆ ಮಕ್ಕಳಿಗೆ ಎರಡೂ ಅರ್ಥವಾಗುತ್ತದೆ. ಗೊಂಬೆ ಕೊಳ್ಳುವಾಗ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ.

ಬೆಳಿಗ್ಗೆ ಬೇಗ ಹೊರಟವರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಬಹುದು. ವಾಸನೆ ತಡೆಯದವರು ಹೋಗಬೇಡಿ. ರಾಮದೇವರ ಬೆಟ್ಟದ ರಣಹದ್ದುಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ನಾವು ಹುಬ್ಬಳ್ಳಿಯವರು, ಅಷ್ಟು ದೂರ ಬರಬೇಕೇ?

ಬೇಡ. ನಿಮಗೆ ಶಿಗ್ಗಾವಿಯ ಹತ್ತಿರ ಗೊಟಗೋಡಿ ಇದೆ: ಅಲ್ಲಿನ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯನ್ನೇ ಆಳುದ್ದದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಜಾನಪದ ವಿಶ್ವವಿದ್ಯಾಲಯ ಇರುವುದೂ ಅದೇ ಊರಿನಲ್ಲಿ. ಕರಾವಳಿಯವರಿಗೆ ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮ. ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಜಾಗ. ಜಾನಪದ ಲೋಕದಲ್ಲಿ ಸಾಮಾನು ಹೆಚ್ಚು, ಅಲ್ಲಿ ಮನೆಗಳೇ ಹೆಚ್ಚು. ಮೈಸೂರು ಭಾಗದ ರಾಗಿ ಸೀಮೆ ನೋಡಬೇಕೆಂದರೆ ಮಾತ್ರ ನಮ್ಮ ಕಡೆ ಬನ್ನಿ.

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಸಾಮಾನು ಬಿದ್ದಿದೆ. ಇಂಥ ಕಡೆಗೆ ಕೊಡಬಹುದೇ?

ಕೇಳಿ ನೋಡಿ. ಎಲ್ಲ ಕಡೆಯೂ ಜಾಗದ ತಾಪತ್ರಯ ಇರುವುದರಿಂದ ಹತ್ತನೆಯ ಒನಕೆಯನ್ನು ಯಾರೂ ಕುಣಿಯುತ್ತಾ ತೆಗೆದುಕೊಳ್ಳುವುದಿಲ್ಲ. ಕೊಡುವುದಾದರೆ ಒಂದು ಹಾಳೆಯಲ್ಲಿ ಬರೆದು ಕೊಡಿ: ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಿದ್ದರು, ಯಾರು ಬಳಸುತ್ತಿದ್ದರು, ಯಾವಾಗ ನಿಲ್ಲಿಸಿದರು, ಏಕೆ ನಿಲ್ಲಿಸಿದರು. ಹೆಸರು ಊರಿಗೊಂದು ಇರುತ್ತದೆ, ಬರೆಯದೆ ಹೋದರೆ ವಸ್ತುವಿಗಿಂತ ಮೊದಲು ಹೆಸರೇ ಹೋಗುತ್ತದೆ. ಗುಜರಿಯವರಿಗೆ ಕೊಡುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಇದನ್ನು ಏಕೆ ಹೇಳಿದೆನೆಂದರೆ, ಮೂರನೆಯ ಸಲ ಜಾನಪದ ಲೋಕದಿಂದ ಬಂದ ಹುಮ್ಮಸ್ಸಿನಲ್ಲಿ ನಾನೇ ನಮ್ಮ ಮನೆಯ ಹಿತ್ತಾಳೆಯ ಸೇರನ್ನು ಕೊಟ್ಟುಬಿಡೋಣ ಎಂದೆ. ಬೀಸುವ ಕಲ್ಲನ್ನು ಊರಲ್ಲೇ ಬಿಟ್ಟು ಬಂದ ಅತ್ತೆ ಆ ಸೇರನ್ನು ಮಾತ್ರ ಸೀರೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದಿದ್ದರು. ಅಂಗೈಯಿಂದ ತಲೆ ಸವರಿ ಸವರಿ ಅದರ ಅಂಚು ಒಂದು ಕಡೆ ಸವೆದು ತಗ್ಗಿದೆ, ಮಗಳೇ ಕಂಡುಹಿಡಿದು ತನ್ನ ಲೆಕ್ಕಕ್ಕೆ ಹನ್ನೆರಡನೆಯದಾಗಿ ಸೇರಿಸಿಕೊಂಡಿದ್ದಾಳೆ. ಅತ್ತೆ ನನ್ನ ಮಾತಿಗೆ ಉತ್ತರವನ್ನೇ ಕೊಡಲಿಲ್ಲ. ಸೇರನ್ನು ಅಕ್ಕಿಯ ಡಬ್ಬದೊಳಗೆ ಇಳಿಸಿ, ತುಂಬಿ, ತಲೆ ಸವರಿ, ರಾತ್ರಿಯ ಅನ್ನಕ್ಕೆ ಅಳೆದರು.